ಬಣ್ಣ ಆಮೇಲೆ, ಮೊದಲು ನೀರು ಎಳೆಯಲಿ

ಹಳೇ ಫೈರ್ ಗಾಡಿ ಅಂದ ಕೂಡಲೇ ಜನಕ್ಕೆ ನೆನಪಾಗುವುದು ಕೆಂಪು ಬಣ್ಣ ಮತ್ತು ಹಿತ್ತಾಳೆ ಗಂಟೆ. ಹೋಟೆಲ್ ಮುಂದೆ, ರೆಸಾರ್ಟ್ ಮುಂದೆ ಅಂಥ ಗಾಡಿ ನಿಲ್ಲಿಸಿರುವುದನ್ನು ನಾನೂ ನೋಡಿದ್ದೇನೆ. ಚೆನ್ನಾಗಿ ಹೊಳೆಯುತ್ತಿರುತ್ತವೆ. ಹಿಂದೆ ಹೋಗಿ ಪಂಪಿನ ಶಾಫ್ಟ್ ಹಿಡಿದು ತಿರುಗಿಸಿದರೆ ಅಲ್ಲಾಡುವುದೇ ಇಲ್ಲ. ನನ್ನ ಲೆಕ್ಕದಲ್ಲಿ ಅದು ಫೈರ್ ಗಾಡಿ ಅಲ್ಲ, ಕೆಂಪು ಲಾರಿ. ಬಾವಿಗೆ ಸಕ್ಷನ್ ಪೈಪ್ ಇಳಿಬಿಟ್ಟಾಗ ನೀರು ಎಳೆದುಕೊಂಡರೆ ಮಾತ್ರ ಫೈರ್ ಗಾಡಿ.

ನಾನು ಅಗ್ನಿಶಾಮಕ ಇಲಾಖೆಯಲ್ಲಿ ಡ್ರೈವರ್ ಮೆಕ್ಯಾನಿಕ್ ಆಗಿದ್ದವನು. ವಿಜಯಪುರ, ಬಾಗಲಕೋಟೆ ಸುತ್ತಿ ಬೆಳಗಾವಿಯಲ್ಲಿ ನಿವೃತ್ತನಾದೆ. ಬೇಸಿಗೆಯಲ್ಲಿ ನಮಗೆ ಬರುತ್ತಿದ್ದ ಕರೆ ಹೆಚ್ಚಾಗಿ ಕಣಿಕೆ ಬಣವಿ, ಕಬ್ಬಿನ ಹೊಲ, ಹತ್ತಿ ಜಿನ್ (ಹತ್ತಿಯ ಬೀಜ ಬಿಡಿಸುವ ಗಿರಣಿ). ಬಣವಿ, ಹತ್ತಿಯ ಬೆಂಕಿ ಮಹಾ ಮೋಸದ್ದು. ಮೇಲೆ ನೀರು ಹೊಡೆದರೆ ಆರಿದಂತೆ ಕಾಣುತ್ತದೆ, ಒಳಗೆ ಕನಲುತ್ತಲೇ ಇರುತ್ತದೆ. ಬಣವಿಗೆ ಕೊಕ್ಕೆ ಹಾಕಿ ಬಿಚ್ಚಬೇಕು, ಹತ್ತಿ ಅಂಡಿಗೆ ಒಡೆಯಬೇಕು, ಮತ್ತೆ ನೀರು ಹೊಡೆಯಬೇಕು. ಗಂಟೆಗಟ್ಟಲೆ ಕೆಲಸ. ಹಳೇ ವಾಟರ್ ಟೆಂಡರಿನ, ಅಂದರೆ ನೀರು ಹೊತ್ತ ಫೈರ್ ಗಾಡಿಯ, ಟ್ಯಾಂಕಿನಲ್ಲಿ ಹಿಡಿಯುತ್ತಿದ್ದದ್ದು 400 ಗ್ಯಾಲನ್, ಅಂದರೆ ಸುಮಾರು 1,800 ಲೀಟರ್. ಪಂಪಿನ ತಾಕತ್ತೂ ನಿಮಿಷಕ್ಕೆ ಅಷ್ಟೇ. ಪೂರ್ತಿ ಬಿಟ್ಟರೆ ಒಂದೇ ನಿಮಿಷಕ್ಕೆ ಟ್ಯಾಂಕ್ ಖಾಲಿ. ಆಮೇಲೆ ಬಾವಿಯೇ ಗತಿ. ವಿಜಯಪುರದ ಕಡೆ ಬೇಸಿಗೆಯಲ್ಲಿ ಬಾವಿಯ ನೀರು ಎಷ್ಟೋ ಕೆಳಗೆ ಹೋಗಿರುತ್ತಿತ್ತು. ಗಾಡಿ ದಂಡೆಗೆ ನಿಲ್ಲಿಸಿ, ಕೆಳಗೆ ನೀರು ಕಾಣುತ್ತಿದ್ದರೂ ಎಳೆಯಲಾಗದೆ ನಿಂತವರಿಗೆ ಪಂಪಿನ ಬೆಲೆ ಗೊತ್ತಿರುತ್ತದೆ.

ನನ್ನ ಹತ್ತಿರ ಇರುವುದು 1960ರ ದಶಕದ ಟಾಟಾ ಮರ್ಸಿಡಿಸ್ ಬೆಂಜ್ 1210. ಟಾಟಾದವರು ಜರ್ಮನಿಯ ಡೈಮ್ಲರ್ ಬೆಂಜ್ ಜೊತೆ ಸೇರಿ ಜಮ್ಶೆಡ್‌ಪುರದಲ್ಲಿ ಲಾರಿ ಮಾಡಲು ಶುರು ಮಾಡಿದ್ದು 1954ರಲ್ಲಿ. 1969ಕ್ಕೆ ಆ ಒಪ್ಪಂದ ಮುಗಿಯಿತು. ಮೂತಿಯ ಮೇಲೆ ಮೂರು ಮೂಲೆಯ ನಕ್ಷತ್ರ ಇದ್ದರೆ ಅದು ಆ ಕಾಲದ ಗಾಡಿ ಅಂತ ದೂರದಿಂದಲೇ ಹೇಳಬಹುದು. 1210 ಅಂದರೆ ಒಟ್ಟು 12 ಟನ್ ತೂಕ, 100 ಅಶ್ವಶಕ್ತಿ. ಇವತ್ತಿನ ಲಾರಿ ಮುಂದೆ ಏನೂ ಅಲ್ಲ. ಆದರೆ ಆ ಎಂಜಿನ್ ಸದ್ದು ಒಮ್ಮೆ ಕಿವಿಗೆ ಬಿದ್ದವರು ಮರೆಯುವುದಿಲ್ಲ.

ಇದು ಸಿಕ್ಕಿದ್ದು ಬಾಗಲಕೋಟೆ ಕಡೆಯ ಒಂದು ಖಾಸಗಿ ಕಾರ್ಖಾನೆಯ ಹಿತ್ತಲಲ್ಲಿ. ಜಾಲಿ ಕಂಟಿ ಕ್ಯಾಬಿನ್ನಿನ ಒಳಗಿಂದಲೇ ಬೆಳೆದಿತ್ತು. ಗುಜರಿಯವನು ಕೇಳಿದ, "ಸಾಹೇಬ್ರ, ಇದನ್ನ ಗಾಡಿ ಅಂತ ತಗೊಳ್ಳಾಕತ್ತೀರೋ, ತೂಕಕ್ಕ ತಗೊಳ್ಳಾಕತ್ತೀರೋ?"

"ತೂಕಕ್ಕ ಹಾಕಪಾ" ಅಂದೆ.

ಕಬ್ಬಿಣದ ದರಕ್ಕೇ ಬಂತು. ಆದರೆ ಹಿತ್ತಾಳೆ, ಗನ್‌ಮೆಟಲ್ ಅನ್ನುವುದು ಒಂದು ಚೂರೂ ಉಳಿದಿರಲಿಲ್ಲ. ಗಂಟೆ ಇಲ್ಲ, ನೀರು ಹೊರಬಿಡುವ ಡೆಲಿವರಿ ವಾಲ್ವ್ ಇಲ್ಲ, ಸಕ್ಷನ್ ಮುಚ್ಚಳ ಇಲ್ಲ. ಹಳೇ ಫೈರ್ ಗಾಡಿಯಲ್ಲಿ ಕಳ್ಳರು ಮೊದಲು ಬಿಚ್ಚುವುದೇ ಇವನ್ನು. ಪಂಪಿನ ಒಡಲು ಮಾತ್ರ ಉಳಿದಿತ್ತು, ಬೋಲ್ಟುಗಳು ತುಕ್ಕು ಹಿಡಿದು ಬಿಚ್ಚಲು ಬರದೇ ಇದ್ದದ್ದರಿಂದ.

ಯಾರಾದರೂ ಈ ಹುಚ್ಚಿಗೆ ಬೀಳುವುದಿದ್ದರೆ ಒಂದು ಮಾತು. ಸರ್ಕಾರಿ ಗಾಡಿ ಹರಾಜಿಗೆ ಬರಲಿ ಅಂತ ಕಾಯಬೇಡಿ. 2023ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಸರ್ಕಾರಿ ವಾಹನಗಳ ನೋಂದಣಿ ನವೀಕರಣ ನಿಂತಿದೆ, ಅವು ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಹೋಗಬೇಕು. ಹೊಗೆ ಕಡಿಮೆಯಾಗಲಿ ಅಂತ ಮಾಡಿದ ನಿಯಮ, ತಪ್ಪಲ್ಲ. ಆದರೆ ನಮ್ಮಂಥವರಿಗೆ ಉಳಿದ ದಾರಿ ಅಂದರೆ ಕಾರ್ಖಾನೆ, ಗಿರಣಿಗಳ ಹಿತ್ತಲು ಅಷ್ಟೇ.

ಎಂಜಿನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಡೀಸೆಲ್ ಎಂಜಿನ್ ಗಟ್ಟಿ ಜೀವ. ಇಂಜೆಕ್ಟರ್, ಡೀಸೆಲ್ ಪಂಪ್ ಬಿಚ್ಚಿ ತೊಳೆಸಿದೆ, ಹೀಟರ್ ಪ್ಲಗ್ ಬದಲಿಸಿದೆ, ರೇಡಿಯೇಟರ್ ಬೆಸುಗೆ ಹಾಕಿಸಿದೆ. ಟೈರು 9.00-20, ಇವತ್ತಿಗೂ ಸಿಗುತ್ತದೆ. ನೀರಿನ ಟ್ಯಾಂಕಿನ ತಳ ತುಕ್ಕಿಗೆ ಜಾಳಾಗಿತ್ತು, ಕತ್ತರಿಸಿ ಹೊಸ ತಗಡು ಕೂರಿಸಿದೆವು. ಒಳಗಿನ ಅಡ್ಡ ತಗಡುಗಳನ್ನೂ ಹಾಗೇ ಹಾಕಿಸಿದೆ. ವೆಲ್ಡರ್ "ಇವು ಯಾಕ ಬೇಕ್ರೀ, ಸುಮ್ನ ಖರ್ಚು" ಅಂದ. ಅವಿಲ್ಲದಿದ್ದರೆ ತಿರುವಿನಲ್ಲಿ ನೀರೆಲ್ಲ ಒಂದೇ ಕಡೆ ನುಗ್ಗುತ್ತದೆ, ಗಾಡಿ ಮಗುಚುತ್ತದೆ. ಅರ್ಧ ಟ್ಯಾಂಕ್ ನೀರು ಪೂರ್ತಿ ಟ್ಯಾಂಕಿಗಿಂತ ಅಪಾಯ ಅನ್ನುವುದು ಫೈರ್ ಗಾಡಿ ಓಡಿಸಿದವರಿಗೆಲ್ಲ ಗೊತ್ತು.

ನಿಜವಾದ ಕೆಲಸ ಪಂಪಿನದು. ಇಲ್ಲಿ ಬೆಳಗಾವಿಯಲ್ಲಿದ್ದದ್ದು ನನ್ನ ಪುಣ್ಯ. ಉದ್ಯಮಬಾಗಿನ ಫೌಂಡ್ರಿಗಳಲ್ಲಿ ಎರಕ ಹೊಯ್ಯದ ವಸ್ತು ಇಲ್ಲ. ಪಂಪ್ ಬಿಚ್ಚಿದಾಗ ಇಂಪೆಲ್ಲರ್, ಅಂದರೆ ಒಳಗೆ ತಿರುಗಿ ನೀರು ತಳ್ಳುವ ಚಕ್ರ, ಚೆನ್ನಾಗಿಯೇ ಇತ್ತು, ವೇರ್ ರಿಂಗ್ ಮಾತ್ರ ಸವೆದು ಹೋಗಿತ್ತು. ಇಂಪೆಲ್ಲರ್ ಸುತ್ತ ಕೂರುವ ಬಳೆ ಅದು. ನಡುವಿನ ಸಂದು ಕೂದಲೆಳೆಯಷ್ಟು ಇರಬೇಕು. ದೊಡ್ಡದಾದರೆ ಮುಂದಕ್ಕೆ ತಳ್ಳಿದ ನೀರು ಸುತ್ತಿಕೊಂಡು ಮತ್ತೆ ಹಿಂದಕ್ಕೇ ಬರುತ್ತದೆ. ಎಂಜಿನ್ ಕಿರುಚುತ್ತದೆ, ಗೇಜಿನ ಮುಳ್ಳು ಮಾತ್ರ ಏರುವುದಿಲ್ಲ.

ಎರಕದ ಅಚ್ಚಿಗೆ ಬೇಕಾದ ಮಾದರಿ, ಅಂದರೆ ಪ್ಯಾಟರ್ನ್, ಮಾಡುವವರು ಒಬ್ಬರು ವಯಸ್ಸಾದವರು, ಕನ್ನಡ ಮರಾಠಿ ಎರಡೂ ಬೆರೆಸಿ ಮಾತಾಡುವವರು. ನಾನು ಅವರನ್ನು ಕಾಕಾ ಅಂತಲೇ ಕರೆಯುವುದು. ಸವೆದ ರಿಂಗನ್ನೇ ಅಳತೆಗೆ ಕೊಟ್ಟೆ. ಕ್ಯಾಲಿಪರ್ ಹಿಡಿದು ನೋಡಿ, "ಇದರ ಅಳತಿ ತಗೊಂಡ್ರ ಸವೆದ ರಿಂಗೇ ಮತ್ತ ಹುಟ್ಟತೈತಿ. ಪಂಪಿನ ಒಡಲು ತಗೊಂಡು ಬರ್ರಿ" ಅಂದರು. ಒಡಲಿನಲ್ಲಿ ರಿಂಗ್ ಕೂರುವ ಜಾಗದಿಂದ ಹೊರಗಿನ ಅಳತೆ, ಇಂಪೆಲ್ಲರಿನಿಂದ ಒಳಗಿನ ಅಳತೆ ತೆಗೆದರು. ಲೋಹ ತಣ್ಣಗಾದಾಗ ಕುಗ್ಗುತ್ತದಲ್ಲ, ಅದಕ್ಕೆ ಪ್ಯಾಟರ್ನನ್ನು ಒಂದಿಷ್ಟು ದೊಡ್ಡದು ಮಾಡಿ, ಲೇತ್‌ಗೆ ಬೇಕಾದ ದಪ್ಪವನ್ನೂ ಬಿಟ್ಟರು. ರಿಂಗಿಗೂ ವಾಲ್ವುಗಳಿಗೂ ಎಲ್‌ಟಿಬಿ 2 ಅನ್ನುವ ಗನ್‌ಮೆಟಲ್ ಬಳಸಿದೆವು. ಹೆಚ್ಚುಕಡಿಮೆ ತಾಮ್ರ 85 ಭಾಗ, ತವರ, ಸತು, ಸೀಸ ತಲಾ 5 ಭಾಗ. ಇಂಪೆಲ್ಲರನ್ನು ಶಾಫ್ಟ್ ಸಮೇತ ಎರಡು ಚೂಪು ಪಟ್ಟಿಗಳ ಮೇಲಿಟ್ಟು ಬ್ಯಾಲೆನ್ಸ್ ನೋಡಿದೆವು. ಭಾರದ ಕಡೆ ತಾನಾಗಿ ಕೆಳಗೆ ತಿರುಗುತ್ತದೆ, ಅಲ್ಲಿ ಸ್ವಲ್ಪ ಉಜ್ಜಬೇಕು. ಎಲ್ಲಿ ನಿಲ್ಲಿಸಿದರೆ ಅಲ್ಲೇ ನಿಲ್ಲುವವರೆಗೆ ಇದೇ ಕೆಲಸ.

ಶಾಫ್ಟ್ ಪಂಪಿನಿಂದ ಹೊರಬರುವ ಕಡೆ ಸೋರಿಕೆ ತಡೆಯುವ ಗ್ಲ್ಯಾಂಡಿಗೆ ಮೊದಲೆಲ್ಲ ಆಸ್ಬೆಸ್ಟಾಸ್ ಹಗ್ಗ ತುರುಕುತ್ತಿದ್ದೆವು. ಈಗ ಅದನ್ನು ಮುಟ್ಟಲೇಬಾರದು, ಗ್ರಾಫೈಟ್ ಪ್ಯಾಕಿಂಗ್ ಸಿಗುತ್ತದೆ. ಬಿಗಿಯುವುದರಲ್ಲೇ ಕೈಗುಣ ಇರುವುದು. ಪೂರ್ತಿ ಬಿಗಿದರೆ ಶಾಫ್ಟ್ ಕಾದು ಕೆಡುತ್ತದೆ, ಸಡಿಲ ಬಿಟ್ಟರೆ ಗಾಳಿ ಎಳೆಯುತ್ತದೆ. ಪಂಪ್ ಒತ್ತಡದಲ್ಲಿದ್ದಾಗ ಹನಿ ಹನಿಯಾಗಿ ತೊಟ್ಟಿಕ್ಕುತ್ತಿರಬೇಕು.

ಪಂಪು ನೀರು ಎಳೆಯುತ್ತದೆ ಅಂತ ನಾವು ಹೇಳುತ್ತೇವೆ. ನಿಜವಾಗಿ ಎಳೆಯುವುದಿಲ್ಲ. ಎಳನೀರಿಗೆ ಕೊಳವೆ ಹಾಕಿ ಹೀರುವ ಹಾಗೆ ಒಳಗಿನ ಗಾಳಿ ತೆಗೆಯಬೇಕು, ಆಗ ಹೊರಗಿನ ಗಾಳಿಯ ಒತ್ತಡವೇ ನೀರನ್ನು ಮೇಲಕ್ಕೆ ನೂಕುತ್ತದೆ. ಹೀಗೆ ಇಂಪೆಲ್ಲರ್ ತಿರುಗಿಸಿ ನೀರು ಎಸೆಯುವ ಸೆಂಟ್ರಿಫ್ಯೂಗಲ್ ಪಂಪಿಗೆ ತಾನೇ ಗಾಳಿ ತೆಗೆಯಲು ಬರುವುದಿಲ್ಲ. ಅದಕ್ಕೆ ಪಕ್ಕದಲ್ಲಿ ಪ್ರೈಮರ್ ಇರುತ್ತದೆ, ನನ್ನದು ವಾಟರ್ ರಿಂಗ್ ಪ್ರೈಮರ್. ಸಮುದ್ರ ಮಟ್ಟದಲ್ಲಿ ಗಾಳಿ ನೂಕಬಹುದಾದ ಎತ್ತರ ಲೆಕ್ಕಕ್ಕೆ 10.3 ಮೀಟರ್. ಬೆಳಗಾವಿ ಸುಮಾರು 760 ಮೀಟರ್ ಎತ್ತರದಲ್ಲಿದೆ, ಇಲ್ಲಿ 9.4 ಮೀಟರ್ ಹತ್ತಿರ ಬರುತ್ತದೆ. ಪೈಪಿನ ತಿಕ್ಕಾಟ, ಸಣ್ಣಪುಟ್ಟ ಸೋರಿಕೆ ಎಲ್ಲ ಕಳೆದರೆ ಕೆಲಸಕ್ಕೆ ಬರುವುದು 7 ಮೀಟರ್. ಅದಕ್ಕಿಂತ ಆಳಕ್ಕೆ ಎಷ್ಟು ದೊಡ್ಡ ಎಂಜಿನ್ ಹಾಕಿದರೂ ನೀರು ಬರುವುದಿಲ್ಲ.

ಅದಕ್ಕೇ ಬಾವಿಗೆ ಹೋಗುವ ಮೊದಲು ಒಣ ವ್ಯಾಕ್ಯೂಮ್ ಟೆಸ್ಟ್ ಮಾಡಬೇಕು. ಡೆಲಿವರಿ ಎಲ್ಲ ಮುಚ್ಚಿ, ಸಕ್ಷನ್ ಬಾಯಿಗೆ ಮುಚ್ಚಳ ಬಿಗಿದು ಪ್ರೈಮರ್ ಹಾಕಬೇಕು. ಗೇಜಿನ ಮುಳ್ಳು 22 ಇಂಚು ಪಾದರಸಕ್ಕೆ ಹೋದರೆ ಸುಮಾರು 25 ಅಡಿ ನೀರಿನ ಲೆಕ್ಕ. ಹೋಗುವುದು ಮುಖ್ಯ ಅಲ್ಲ, ಪ್ರೈಮರ್ ಬಿಟ್ಟ ಮೇಲೂ ಅಲ್ಲೇ ನಿಲ್ಲಬೇಕು. ನನ್ನದು ಏರುತ್ತಿತ್ತು, ಸದ್ದಿಲ್ಲದೆ ಇಳಿಯುತ್ತಿತ್ತು. ಒತ್ತಡದ ಸೋರಿಕೆಯಾದರೆ ಸಾಬೂನು ನೀರಿನ ಗುಳ್ಳೆ ತೋರಿಸುತ್ತದೆ. ಇದು ಒಳಗೆ ಎಳೆಯುವ ಸೋರಿಕೆ, ಗುಳ್ಳೆ ಏಳುವುದಿಲ್ಲ. ಊದಿನಕಡ್ಡಿ ಹಚ್ಚಿಕೊಂಡು ಒಂದೊಂದೇ ಜಾಯಿಂಟಿನ ಹತ್ತಿರ ಹಿಡಿದೆ. ಡ್ರೈನ್ ಕಾಕ್ ಹತ್ತಿರ ಹೊಗೆ ನೆಟ್ಟಗೆ ಮೇಲೆ ಹೋಯಿತು. ಗ್ಲ್ಯಾಂಡಿನ ಹತ್ತಿರವೂ ನೆಟ್ಟಗೆ. ಗೇಜಿಗೆ ಹೋಗುವ ಸಣ್ಣ ತಾಮ್ರದ ನಳಿಕೆಯ ನಟ್ ಹತ್ತಿರ ಬಂದಾಗ ಹೊಗೆಯ ಎಳೆ ಬಾಗಿ ಒಳಗೆ ಹೋಯಿತು. ಪಂಪಿನಲ್ಲಿ ಏನೂ ದೋಷ ಇರಲಿಲ್ಲ, ಅದನ್ನು ಅಳೆಯುವ ನಳಿಕೆಯೇ ಸೋರುತ್ತಿತ್ತು.

ಬೆಳಗಾವಿಯಲ್ಲಿ ತೆರೆದ ಬಾವಿಗಳಿಗೆ ಕೊರತೆ ಇಲ್ಲ. 1924ರಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ಕಾಂಗ್ರೆಸ್ ಅಧಿವೇಶನ ನಡೆದಾಗ ನೀರಿಗೆ ಅಂತ ತೋಡಿದ ಬಾವಿ ಟಿಳಕವಾಡಿಯಲ್ಲಿ ಈಗಲೂ ಇದೆ. ನಾನು ಟೆಸ್ಟ್ ಮಾಡಿದ್ದು ಖಾನಾಪುರ ರಸ್ತೆಯ ಕಡೆ ನೆಂಟರ ಹೊಲದ ಬಾವಿಯಲ್ಲಿ. ನೀರು 15 ಅಡಿ ಕೆಳಗಿತ್ತು. ಸಕ್ಷನ್ ಪೈಪಿನ ತುದಿಗೆ ಜಾಲರಿ, ಅದರ ಮೇಲೆ ಬಿದಿರಿನ ಬುಟ್ಟಿ. ಈ ಬುಟ್ಟಿ ಹಳೇ ಪದ್ಧತಿ, ಎಲೆ ಕಸ ಪಂಪಿಗೆ ಹೋಗದಿರಲಿ ಅಂತ. ಮೇದಾರರ ಹತ್ತಿರ ಅಳತೆ ಕೊಟ್ಟು ಹೆಣೆಸಿದ್ದೆ. ಪೈಪಿನ ತುದಿ ನೀರಿನಲ್ಲಿ ಚೆನ್ನಾಗಿ ಮುಳುಗಿರಬೇಕು. ಇಲ್ಲದಿದ್ದರೆ ಮೇಲೆ ಸುಳಿ ಎದ್ದು ಗಾಳಿ ಒಳಗೆ ಹೋಗುತ್ತದೆ.

ಪ್ರೈಮರ್ ಹಾಕಿದೆ. ಮೊದಲು ಬರೀ ಗಾಳಿ, ಆಮೇಲೆ ನೊರೆ, ಆಮೇಲೆ ಗಟ್ಟಿ ನೀರು. ಪ್ರೈಮರ್ ಬಿಡಿಸಿ ನಿಧಾನ ಡೆಲಿವರಿ ತೆರೆದೆ. ಕ್ಯಾನ್ವಾಸ್ ಹೋಸ್ ಹೊಲದುದ್ದಕ್ಕೂ ಬಿಗಿಯುತ್ತಾ ಹೋಯಿತು. ಹೋಸಿನ ತುದಿಯಲ್ಲಿ ನೀರು ಚಿಮ್ಮುವ ಬ್ರಾಂಚ್ ಹಿಡಿದಿದ್ದವನು ನನ್ನ ಜೊತೆ ಕೆಲಸ ಮಾಡಿದ ಹಳೇ ಲೀಡಿಂಗ್ ಫೈರ್‌ಮನ್. ಒತ್ತಡ ಚದರ ಸೆಂಟಿಮೀಟರಿಗೆ 7 ಕೆಜಿಗೆ ಬಂದಾಗ ಅವನು ಒಂದು ಹೆಜ್ಜೆ ಹಿಂದೆ ಸರಿದು ಕಾಲು ಊರಿದ. "ಸಾಕು ಮಾರಾಯಾ, ವಯಸ್ಸಾಗೈತಿ" ಅಂತ ಕೂಗಿದ. ನಾನು ಕೇಳಿಸಿಲ್ಲ ಅನ್ನುವಂತೆ ಇನ್ನಷ್ಟು ಹೊತ್ತು ಬಿಟ್ಟೆ.

ಬಣ್ಣ ಹಚ್ಚಿಸಿದ್ದು ಇದಾದ ಮೇಲೆ. ಕೆಂಪು ಅಂದರೆ ಯಾವ ಕೆಂಪೂ ನಡೆಯುವುದಿಲ್ಲ. ಭಾರತೀಯ ಮಾನಕದ ಬಣ್ಣದ ಪಟ್ಟಿಯಲ್ಲಿ ಫೈರ್ ರೆಡ್ 536, ಸಿಗ್ನಲ್ ರೆಡ್ 537, ಪೋಸ್ಟ್ ಆಫೀಸ್ ರೆಡ್ 538. ಅಂಗಡಿಯವರು ಮೂರನ್ನೂ ಒಂದೇ ಅನ್ನುತ್ತಾರೆ, ಪಕ್ಕಪಕ್ಕ ಇಟ್ಟು ನೋಡಿ. ಸೈರನ್ ಮತ್ತು ಮೇಲಿನ ದೀಪ ನಾನು ಹಾಕಿಲ್ಲ. ಅವು ಕೆಲಸದಲ್ಲಿರುವ ಗಾಡಿಗಳಿಗೆ ಇರಬೇಕು, ಖಾಸಗಿಯವರ ಷೋಕಿಗಲ್ಲ. ಗಂಟೆ ಮಾತ್ರ ಎರಕ ಹೊಯ್ಸಿ ಹಾಕಿದ್ದೇನೆ. ಏಪ್ರಿಲ್ 14ರ ಅಗ್ನಿಶಾಮಕ ಸೇವಾ ದಿನಕ್ಕೆ ಮಕ್ಕಳು ನೋಡಲು ಬಂದರೆ ಬಾರಿಸಲು ಬಿಡುತ್ತೇನೆ. ಆ ದಿನ ಯಾಕೆ ಅಂತಲೂ ಹೇಳುತ್ತೇನೆ. 1944ರ ಏಪ್ರಿಲ್ 14ರಂದು ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಅನ್ನುವ ಹಡಗು ಸಿಡಿದು 66 ಅಗ್ನಿಶಾಮಕರು ಸತ್ತರು. ಆ ಹಡಗಿನಲ್ಲಿ ಮದ್ದುಗುಂಡಿನ ಜೊತೆ ಇದ್ದದ್ದು ಹತ್ತಿ ಅಂಡಿಗೆ. ಜಿನ್ನಿನ ಬೆಂಕಿ ಆರಿಸಿದವರಿಗೆ ಅದರ ಅರ್ಥ ಬೇರೆ ಹೇಳಬೇಕಾಗಿಲ್ಲ.

ಈಗ ಶೆಡ್ಡಿಗೆ ಒಂದು ಟ್ರೇಲರ್ ಪಂಪ್, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆಯುವ ಪಂಪ್, ಬಂದಿದೆ, ಕೊವೆಂಟ್ರಿ ಕ್ಲೈಮ್ಯಾಕ್ಸ್ ಕಂಪನಿಯದು. 1950ರ ದಶಕದಲ್ಲಿ ಇದೇ ಕಂಪನಿ ಬೆಂಕಿ ಪಂಪಿಗೆ ಅಂತ 1,020 ಸಿಸಿಯ ಹಗುರ ಅಲ್ಯೂಮಿನಿಯಂ ಎಂಜಿನ್ ಮಾಡಿತು. 38 ಅಶ್ವಶಕ್ತಿ. ಅದನ್ನು ನೋಡಿದ ರೇಸಿನವರು ಕಾರಿಗೂ ಬೇಕು ಅಂದರು, 1954ರ ಲ ಮಾನ್ ರೇಸಿನಲ್ಲಿ ಅದರ ದೊಡ್ಡ ರೂಪ ಓಡಿಯೂ ಬಿಟ್ಟಿತು. ನಮ್ಮ ಪಂಪಿನ ಎಂಜಿನ್ ರೇಸಿಗೆ ಹೋಯಿತು ಅನ್ನಲು ಖುಷಿ, ಅಲ್ವಾ? ಆದರೆ ನನ್ನದು ಅದಕ್ಕಿಂತ ಹಿಂದಿನ ಭಾರದ ಮಾದರಿ, ನಾಲ್ಕು ಜನ ಎತ್ತಿದರೂ ಏಳುವುದಿಲ್ಲ. ಪಿಸ್ಟನ್ ಹಿಡಿದುಕೊಂಡಿದೆ, ಸಿಲಿಂಡರಿಗೆ ಡೀಸೆಲ್ ಸುರಿದು ಬಿಟ್ಟಿದ್ದೇನೆ. ಕಿಡಿ ಹುಟ್ಟಿಸುವ ಮ್ಯಾಗ್ನೆಟೊದ ಕಾಯಿಲ್ ಸುತ್ತಲು ಕೊಟ್ಟಾಗಿದೆ. ಕಾಕಾ ಮೊನ್ನೆ ಬಂದು ನೋಡಿ, ಇದರ ವೇರ್ ರಿಂಗಿಗೂ ಪ್ಯಾಟರ್ನ್ ಬೇಕೇ ಬೇಕು ಅಂತ ಅಳತೆ ತೆಗೆದುಕೊಂಡು ಹೋಗಿದ್ದಾರೆ.