ಬೋನ್‌ವ್ಯಾಂ ಬರೆದ ಹಾಗೆ ಒಂದು ಕಳೆಗಿಡ

ಮೊದಲು ಗಿಡದ ಪಕ್ಕ ನೆಲದ ಮೇಲೆ ಕೂತುಕೊಳ್ಳಿ. ನಿಂತು ನೋಡಿದರೆ ಕಳೆಗಿಡದ ನೆತ್ತಿ ಮಾತ್ರ ಕಾಣುತ್ತದೆ. ಕೂತರೆ ಅದು ಆಕಾಶಕ್ಕೆ ಎದ್ದು ನಿಲ್ಲುತ್ತದೆ, ಹಿಂದಿನ ಬಯಲು ತಗ್ಗಿ ಹೋಗುತ್ತದೆ. ಫ್ರೆಂಚ್ ಜಲವರ್ಣ ಚಿತ್ರಕಾರ ಲಿಯಾನ್ ಬೋನ್‌ವ್ಯಾಂನ ಚಿತ್ರಗಳಲ್ಲಿ ನಾನು ಮೊದಲು ಗಮನಿಸಿದ್ದು ಇದನ್ನೇ.

1834ರಲ್ಲಿ ಹುಟ್ಟಿದ ಇವನು ಪ್ಯಾರಿಸ್ಸಿನ ಅಂಚಿನ ವೊಜಿರಾರ್‌ನಲ್ಲಿ ಮನೆಯವರ ಹೋಟೆಲು ನೋಡಿಕೊಳ್ಳುತ್ತಿದ್ದ. ಬರೆಯಲು ಬೆಳಗಿನ ಜಾವ ಮತ್ತು ಸಂಜೆ ಬಿಟ್ಟರೆ ಬಿಡುವಿಲ್ಲ. 1866ರಲ್ಲಿ ತೀರಿಕೊಂಡ. ಅವನ ಜಲವರ್ಣಗಳು ಬಾಲ್ಟಿಮೋರಿನ ವಾಲ್ಟರ್ಸ್ ಮ್ಯೂಸಿಯಂನಲ್ಲಿ ಬಹಳ ಇವೆ. ಜಾಲತಾಣದಲ್ಲಿ ದೊಡ್ಡದು ಮಾಡಿ ನೋಡಿ, ಪೆನ್ನಿನ ಗೆರೆ ಒಂದೊಂದೂ ಕಾಣುತ್ತದೆ.

ಅವನು ಬರೆದ ಮುಳ್ಳುಗಿಡವೇ ಬೇಕೆಂದೇನಿಲ್ಲ. ನಾನು ಬೇಲಿ ಪಕ್ಕದ ಉತ್ತರಾಣಿ ಹಿಡಿದು ಕೂರುತ್ತೇನೆ. ಬೆಳಗ್ಗೆ ಬೇಗ ಹೋಗಿ. ಬಿಸಿಲೇರಿದರೆ ದೂರದ್ದೂ ಹತ್ತಿರದ್ದೂ ಒಂದೇ ಸಮ ಚುರುಕಾಗಿ ಕಾಣುತ್ತದೆ, ನಮಗೆ ಅದು ಬೇಡ.

ಪೆನ್ಸಿಲಿನಲ್ಲಿ ಕಡ್ಡಿಯ ಬಾಗು ಮಾತ್ರ ಹಗುರವಾಗಿ ಗುರುತು ಮಾಡಿ. ಎಲೆಗಳಿಗೆ ಈಗಲೇ ಕೈ ಹಾಕಬೇಡಿ. ಕಾಗದ ಒದ್ದೆ ಮಾಡಿ, ಬೂದು-ನೀಲಿ ತೆಳ್ಳಗೆ ಹರಿಸಿ. ಕೆಳಗೆ ಸ್ವಲ್ಪ ಓಕರ್, ಅಂದರೆ ಮಣ್ಣಿನ ಹಳದಿ. ದೂರದ ಮರಗಳು ಅದರಲ್ಲೇ ಅರೆಬರೆ ಕರಗಲಿ. ಇದು ಪೂರ್ತಿ ಒಣಗಬೇಕು. ಆತುರ ಮಾಡಿದರೆ ಗಿಡ ಹಿನ್ನೆಲೆಗೆ ಹರಡಿಬಿಡುತ್ತದೆ.

ಆಮೇಲೆ ಗಿಡ. ಟ್ಯೂಬಿನ ಹಸಿರು ಹಾಗೇ ಹಚ್ಚಬೇಡಿ, ಚೂರು ಬರ್ನ್ಟ್ ಸಿಯೆನ್ನಾ (ಕೆಂಪು ಛಾಯೆಯ ಕಂದು ಬಣ್ಣ) ಬೆರೆಸಿ ಮಂಕು ಮಾಡಿ. ಹುಳ ತಿಂದ ತೂತಿದ್ದರೆ ತೂತನ್ನೇ ಬಿಡಿ, ಅದರೊಳಗಿಂದ ಆಕಾಶ ಕಾಣಲಿ. ನನಗೆ ತುಂಬಾ ಇಷ್ಟದ ಕೆಲಸ ಇದು.

ಪೆನ್ನು ಕೊನೆಗೆ. ಬೋನ್‌ವ್ಯಾಂ ಬಳಸಿದ್ದು ಕಬ್ಬಿಣದ ಅಂಶವಿರುವ ಹಳೆ ಕಾಲದ ಮಸಿ. ವರ್ಷ ಕಳೆದಂತೆ ಅದು ಕಂದು ತಿರುಗುತ್ತದೆ. ನಮಗೆ ನೀರಿಗೆ ಕರಗದ ಕಂದು ಇಂಕು ಸಾಕು. ಸಣ್ಣ ನಿಬ್ ತಗೊಳ್ಳಿ. ಉತ್ತರಾಣಿ ತೆನೆ ನೋಡಿ: ಕಾಯಿಗಳು ತಲೆಕೆಳಗಾಗಿ ಕಡ್ಡಿಗೆ ಅಂಟಿಕೊಂಡಿರುತ್ತವೆ, ತುದಿಯಲ್ಲಿ ಒತ್ತಾಗಿ, ಕೆಳಗೆ ಬರುತ್ತಾ ಬಿಡಿಬಿಡಿಯಾಗಿ. ಎಲ್ಲಾ ಕಾಯಿಗೂ ಸುತ್ತ ಗೆರೆ ಎಳೆದರೆ ಜೀವ ಹೋಗುತ್ತದೆ. ನೆರಳಿನ ಕಡೆ ಮಾತ್ರ ಗೆರೆ ಎಳೆಯಿರಿ, ಬೆಳಕು ಬಿದ್ದಲ್ಲಿ ತುಂಡಾಗಲಿ. ಕಡ್ಡಿಯನ್ನು ಬುಡದಿಂದ ಮೇಲಕ್ಕೆ, ಅದು ಬೆಳೆದ ದಿಕ್ಕಿನಲ್ಲೇ ಎಳೆಯಿರಿ.

ಬುಡದ ಕತ್ತಲೆ ಸಪ್ಪೆ ಅನಿಸಿದರೆ ಗಾಢ ಬಣ್ಣಕ್ಕೆ ಒಂದು ಹನಿ ಗಮ್ ಅರೇಬಿಕ್ ಸೇರಿಸಿ ಅಲ್ಲಷ್ಟೇ ಮುಟ್ಟಿಸಿ. ಬೋನ್‌ವ್ಯಾಂ ಕೂಡ ಹೀಗೆ ಈ ಗೋಂದು ಬಳಸಿದ್ದಾನೆ. ಜಾಸ್ತಿಯಾದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ. ದೂರದ ಮರಗಳಿಗೆ ಮಾತ್ರ ಪೆನ್ನು ಸೋಕಿಸಬೇಡಿ.