ಇಸಿಜಿ ಕಲಿಯುವವರು ಮೊದಲು ಎಣಿಸಬೇಕಾದದ್ದು ಪಕ್ಕೆಲುಬು

ತಾಲ್ಲೂಕು ಆಸ್ಪತ್ರೆಯೊಂದರಲ್ಲಿ ಇಸಿಜಿ ತೆಗೆಯುವುದು ನನ್ನ ಕೆಲಸ. ತರಬೇತಿಗೆ ಬರುವವರು ಯಂತ್ರದ ಗುಂಡಿಗಳ ಬಗ್ಗೆ ಕೇಳುತ್ತಾರೆ. ನಾನು ಅವರಿಗೆ ಮೊದಲು ಪಕ್ಕೆಲುಬು ಎಣಿಸುವುದನ್ನು ಕಲಿಸುತ್ತೇನೆ. ಯಂತ್ರ ತನಗೆ ಸಿಕ್ಕಿದ್ದನ್ನು ಬರೆಯುತ್ತದೆ. ಅದಕ್ಕೆ ಏನು ಸಿಗಬೇಕು ಎಂಬುದು ನಮ್ಮ ಬೆರಳಿನ ಮೇಲಿದೆ.

ಕುತ್ತಿಗೆಯ ಬುಡದ ಗುಳಿಯಿಂದ ಎದೆಮೂಳೆಯ ಮೇಲೆ ಬೆರಳನ್ನು ಕೆಳಗೆ ಜಾರಿಸಿದರೆ ಒಂದು ಅಡ್ಡ ಏಣು ತಾಗುತ್ತದೆ. ಅದರ ಪಕ್ಕಕ್ಕೆ ಸೇರುವುದು ಎರಡನೇ ಪಕ್ಕೆಲುಬು. ಅದರ ಕೆಳಗಿನದು ಎರಡನೇ ಸಂದು, ಅಂದರೆ ಎರಡು ಪಕ್ಕೆಲುಬುಗಳ ನಡುವಿನ ಜಾಗ. ಹಾಗೆಯೇ ನಾಲ್ಕನೇ ಸಂದಿಗೆ ಇಳಿಯಿರಿ. ಎದೆಯ ಮೇಲೆ ಕೂರಿಸುವ ಆರು ಎಲೆಕ್ಟ್ರೋಡುಗಳಿಗೆ ವಿ1ರಿಂದ ವಿ6ರವರೆಗೆ ಹೆಸರು. ಎದೆಮೂಳೆಯ ಬಲ ಅಂಚಿಗೆ ವಿ1, ಎಡ ಅಂಚಿಗೆ ವಿ2. ಆಮೇಲೆ ವಿ3 ಅಲ್ಲ, ವಿ4: ಎಡ ಕೊರಳೆಲುಬಿನ ನಡುವಿನಿಂದ ನೇರ ಕೆಳಗೆ, ಐದನೇ ಸಂದಿನಲ್ಲಿ. ವಿ2 ಮತ್ತು ವಿ4ರ ನಡುವೆ ವಿ3. ವಿ5, ವಿ6 ಎರಡೂ ವಿ4ರ ಮಟ್ಟದಲ್ಲೇ ಇರಬೇಕು, ಮೊದಲನೆಯದು ಕಂಕುಳಿನ ಮುಂದಿನ ಗೆರೆಯಲ್ಲಿ, ಎರಡನೆಯದು ಕಂಕುಳಿನ ನಡುಗೆರೆಯಲ್ಲಿ. ಕಣ್ಣಂದಾಜಿನಲ್ಲಿ ಹಾಕುವವರು ವಿ1, ವಿ2ನ್ನು ಮೇಲಕ್ಕೆ ಹಾಕಿಬಿಡುತ್ತಾರೆ. ಆಗ ಹಿಂದೆಂದೋ ಹೃದಯಾಘಾತ ಆಗಿತ್ತೇನೋ ಎಂಬ ಅನುಮಾನ ಹುಟ್ಟಿಸುವ ಗೆರೆ ಬರಬಹುದು. ಇಲ್ಲದ ಕಾಯಿಲೆಯನ್ನು ಕಾಗದದ ಮೇಲೆ ತರುವ ಹಕ್ಕು ನಮಗಿಲ್ಲ.

ನಮ್ಮಲ್ಲಿಗೆ ಬರುವ ಎಷ್ಟೋ ಹೆಂಗಸರಿಗೆ ಎದೆನೋವಿಗಿಂತ ಕುಪ್ಪಸ ಬಿಚ್ಚುವುದೇ ದೊಡ್ಡ ಸಂಕಟ. "ಅಮ್ಮಾ, ಪರದೆ ಎಳೆದಿದ್ದೇನೆ, ನಾನೊಬ್ಬಳೇ ಇರುವುದು, ಸೆರಗು ಹೊದ್ದುಕೊಂಡೇ ಇರಿ" ಎಂದು ಹೇಳಿ, ಅವರು ಹೂಂ ಎಂದ ಮೇಲೆಯೇ ಕೈ ಹಾಕುತ್ತೇನೆ. ವಿ4ರಿಂದ ಮುಂದಿನವು ಸ್ತನದ ಕೆಳಗೆ ಕೂರಬೇಕು. ಎತ್ತಬೇಕಾದರೆ ಅಂಗೈಯಿಂದಲ್ಲ, ಕೈಯ ಹಿಂಬದಿಯಿಂದ. ಬಳೆ, ಕಾಲುಂಗುರ ತೆಗೆಸುವುದಿಲ್ಲ. ಕ್ಲಿಪ್ಪಿಗೆ ತಾಗದಂತೆ ಸರಿಸಿದರೆ ಸಾಕು.

ಕೈಕಾಲಿನ ತಂತಿಗಳು ಸುಲಭ. ನಮ್ಮ ಯಂತ್ರಗಳಲ್ಲಿ ಬಲಗೈಗೆ ಕೆಂಪು, ಎಡಗೈಗೆ ಹಳದಿ, ಎಡಗಾಲಿಗೆ ಹಸಿರು, ಬಲಗಾಲಿಗೆ ಕಪ್ಪು. ಕಾಗದದಲ್ಲಿ ಲೀಡ್ 1 ಎಂದು ಗುರುತಿಸಿದ ಗೆರೆ ತಲೆಕೆಳಗಾಗಿ, ಎವಿಆರ್ ಎಂದು ಗುರುತಿಸಿದ್ದು ಮೇಲ್ಮುಖವಾಗಿ ಬಂದರೆ ಕೈಗಳ ತಂತಿ ಅದಲುಬದಲಾಗಿದೆಯೇ ಎಂದು ಮೊದಲು ನೋಡಿ. ಗೆರೆ ಮೇಲೆ ಕೆಳಗೆ ತೇಲಿದರೆ ಉಸಿರಾಟವೋ ಸಡಿಲ ಎಲೆಕ್ಟ್ರೋಡೋ ಕಾರಣ. ಅಡ್ಡಾದಿಡ್ಡಿ ನಡುಗಿದರೆ ಚಳಿ ಅಥವಾ ಹೆದರಿಕೆ. ಹೊದಿಕೆ ಹೊದಿಸಿ, ಎರಡು ಮಾತನಾಡಿ. ಒಂದೇ ಸಮನೆ ದಟ್ಟವಾಗಿ ಅದುರಿದರೆ ಅದು 50 ಹರ್ಟ್ಸ್ ವಿದ್ಯುತ್ತಿನ ಕಾಟ, ಪಕ್ಕದ ಮೊಬೈಲ್ ಚಾರ್ಜರನ್ನು ಕಿತ್ತು ನೋಡಿ. ಮೈಗೆ ಎಣ್ಣೆ ಹಚ್ಚಿದ್ದರೆ ಸ್ಪಿರಿಟ್‌ನಲ್ಲಿ ಒರೆಸದೆ ಯಾವುದೂ ನಿಲ್ಲುವುದಿಲ್ಲ.

ಕಾಗದ ಸೆಕೆಂಡಿಗೆ 25 ಮಿಲಿಮೀಟರ್ ಓಡುತ್ತದೆ, ಒಂದು ದೊಡ್ಡ ಚೌಕ ಎಂದರೆ 0.2 ಸೆಕೆಂಡ್. ಎರಡು ಆರ್ ಅಲೆಗಳ, ಅಂದರೆ ಪ್ರತಿ ಬಡಿತಕ್ಕೂ ಏಳುವ ಚೂಪು ಮೊನೆಗಳ, ನಡುವೆ ನಾಲ್ಕು ದೊಡ್ಡ ಚೌಕಗಳಿದ್ದರೆ 300ನ್ನು 4ರಿಂದ ಭಾಗಿಸಿ, ನಿಮಿಷಕ್ಕೆ 75 ಬಡಿತ. ಲಯ ತಪ್ಪಿದ್ದರೆ ಈ ಲೆಕ್ಕ ನಡೆಯದು. 10 ಸೆಕೆಂಡಿನ ಪಟ್ಟಿಯಲ್ಲಿರುವ ಬಡಿತಗಳನ್ನು ಎಣಿಸಿ 6ರಿಂದ ಗುಣಿಸಬೇಕು.

ಎದೆನೋವಿನವರು ಬಂದ 10 ನಿಮಿಷದೊಳಗೆ ಇಸಿಜಿ ವೈದ್ಯರ ಕೈಯಲ್ಲಿರಬೇಕು. ಈಗ ರಾಜ್ಯ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯ ಇಸಿಜಿಯನ್ನು ದೂರದ ಹೃದ್ರೋಗ ತಜ್ಞರು ನೋಡುತ್ತಾರೆ. ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದು ಕೊಡಬೇಕೇ ಎಂಬ ತೀರ್ಮಾನ ಆ ಗೆರೆಗಳನ್ನು ನೆಚ್ಚಿಕೊಂಡಿರುತ್ತದೆ. ಅವರು ರೋಗಿಯ ಮುಖವನ್ನೂ ಕಂಡಿರುವುದಿಲ್ಲ. ಅದಕ್ಕೇ ಹೆಸರು, ವಯಸ್ಸು, ಗಂಟೆಯ ಜೊತೆಗೆ, ತೆಗೆಯುವಾಗ ನೋವಿತ್ತೇ ಇಲ್ಲವೇ ಎಂಬುದನ್ನೂ ಬರೆಯುತ್ತೇನೆ. ಮೊದಲನೆಯದು ಸರಿಯಾಗಿ ಕಂಡರೂ ನೋವು ನಿಲ್ಲದಿದ್ದರೆ ಸ್ವಲ್ಪ ಹೊತ್ತಿನಲ್ಲೇ ಇನ್ನೊಂದು ತೆಗೆಯಬೇಕಾಗುತ್ತದೆ. ಎದೆಯ ಮೇಲೆ ಎಲೆಕ್ಟ್ರೋಡಿನ ರಬ್ಬರ್ ಬಲ್ಬ್ ಬಿಟ್ಟ ಉಂಗುರದ ಗುರುತು ಮಾಸುವ ಮೊದಲೇ ಪೆನ್ನಿನಿಂದ ಚುಕ್ಕೆ ಇಟ್ಟುಕೊಳ್ಳಿ. ಎರಡನೆಯದೂ ಅದೇ ಜಾಗದಿಂದ ಬಂದರೆ ಮಾತ್ರ ಎರಡನ್ನೂ ಹೋಲಿಸಿ ನೋಡಲು ಸಾಧ್ಯ.