ಈಜಿಪ್ಟಿನ ದೇವರ ಹೋರಿಗಳ ಗುರುತು ಹಿಡಿಯುವುದು ಹೇಗೆ?

ನಮ್ಮ ಸಾಗರದ ಕಡೆ ಎತ್ತು ಕೊಳ್ಳಲು ಹೋದವರು ದುಡ್ಡಿನ ಮಾತಿಗೆ ಮುಂಚೆ ಸುಳಿ ನೋಡುತ್ತಾರೆ. ಹಣೆಯಲ್ಲಿ ಒಂದೋ ಎರಡೋ, ಬೆನ್ನ ಮೇಲೆ ಎಲ್ಲಿ ಬಿದ್ದಿದೆ, ಎಲ್ಲ ಬೆರಳಾಡಿಸಿ ನೋಡುತ್ತಾರೆ. ಈಜಿಪ್ಟಿನ ಹೋರಿ ಮೂರ್ತಿಯ ಫೋಟೊ ಸಿಕ್ಕಾಗಲೂ ಹಾಗೇ ನೋಡಿ.

ಮೊದಲಿಗೆ, ಅದನ್ನು ಸುಮ್ನೆ ಈಜಿಪ್ಟಿನ ನಂದಿ ಅನ್ನಬೇಡಿ. ಇಕ್ಕೇರಿಯ ನಂದಿ ಕಾಲು ಮಡಚಿ, ಶಿವನ ಕಡೆ ಮುಖ ಮಾಡಿ ಕೂತಿದ್ದಾನೆ, ಅವನು ವಾಹನ. ಈಜಿಪ್ಟಿನವರು ಪೂಜಿಸುತ್ತಿದ್ದ ಆಪಿಸ್ ಅನ್ನುವ ಹೋರಿ ಹಾಗಲ್ಲ. ಮೆಂಫಿಸ್ ಊರಿನವರು ಆ ಜೀವಂತ ಹೋರಿಯಲ್ಲೇ ಪ್ತಾ ದೇವರನ್ನು ಕಾಣುತ್ತಿದ್ದರು. ಕಂಚಿನ ಮೂರ್ತಿಗಳಲ್ಲಿ ಅದು ಸಾಮಾನ್ಯವಾಗಿ ಹೆಜ್ಜೆ ಹಾಕುತ್ತಾ ನಿಂತಿರುತ್ತದೆ.

ಈಗ ಹಣೆ ನೋಡಿ. ತ್ರಿಕೋನದ ಗುರುತು ಇದೆಯಾ? ಆಪಿಸ್ ಕಪ್ಪು ಹೋರಿ, ಹಣೆಯಲ್ಲಿ ಬಿಳಿ ಮಚ್ಚೆ ಇರಲೇಬೇಕಿತ್ತು. ಆಮೇಲೆ ಬೆನ್ನು. ಅಲ್ಲಿ ರೆಕ್ಕೆ ಬಿಚ್ಚಿದ ಹಕ್ಕಿಯನ್ನು ಕೊರೆದಿದ್ದರೆ ಅದು ಆಪಿಸ್ಸೇ. ಮುಂದಿನಿಂದ ತೆಗೆದ ಫೋಟೊದಲ್ಲಿ ಇದು ಕಾಣುವುದಿಲ್ಲ, ಮೇಲಿನಿಂದ ತೆಗೆದದ್ದನ್ನು ಹುಡುಕಿ. ಬಾಲದಲ್ಲಿ ಜೋಡಿ ಕೂದಲು, ನಾಲಿಗೆಯ ಕೆಳಗೆ ಜೀರುಂಡೆಯ ಗುರುತು ಅಂತ ಗ್ರೀಕರ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ, ಆದರೆ ಅವು ಮೂರ್ತಿಯಲ್ಲಿ ಸಿಗುವಂಥವಲ್ಲ.

ಒಂದು ಕಾಲಕ್ಕೆ ಒಂದೇ ಆಪಿಸ್. ಅದು ಸತ್ತರೆ ಪೂಜಾರಿಗಳು ಇಂಥ ಗುರುತಿನ ಕರುವನ್ನು ದೇಶವೆಲ್ಲ ಹುಡುಕುತ್ತಿದ್ದರು, ಸಿಕ್ಕರೆ ಅದರ ತಾಯಿ ಹಸುವಿಗೂ ಮರ್ಯಾದೆ. ದೀಪಾವಳಿ ಗೋಪೂಜೆಯ ದಿನ ಕೊಟ್ಟಿಗೆಯಲ್ಲಿ ನಮ್ಮ ಗಿಡ್ಡ ತಳಿಯ ಕರುವಿಗೆ ಅಡಿಕೆ ಸರ ಕಟ್ಟುವಾಗ, ಅದರ ಹಣೆಯ ಬಿಳಿ ಚುಕ್ಕೆ ಮುಟ್ಟಿದರೆ ನನಗೆ ಆ ಹುಡುಕಾಟವೇ ನೆನಪಾಗುತ್ತದೆ. ಸತ್ತ ಹೋರಿಯನ್ನು ಮಮ್ಮಿ ಮಾಡಿ ಮೆಂಫಿಸ್ ಹತ್ತಿರದ ಸಕ್ಕಾರ ಅನ್ನುವ ಜಾಗದಲ್ಲಿ ನೆಲದಡಿಯ ಸುರಂಗದಲ್ಲಿ ಇಡುತ್ತಿದ್ದರು. 1851ರಲ್ಲಿ ಒಳಹೊಕ್ಕ ಫ್ರಾನ್ಸಿನ ಪುರಾತತ್ವಜ್ಞ ಒಗ್ಯುಸ್ತ್ ಮಾರಿಯೆಟ್‌ಗೆ ಅಲ್ಲಿ ಕಂಡದ್ದು ಹತ್ತಾರು ಟನ್ ತೂಕದ ಕಲ್ಲಿನ ಪೆಟ್ಟಿಗೆಗಳು.

ಜಾಸ್ತಿ ಜನ ತಪ್ಪುವುದು ಕೊಂಬಿನ ಹತ್ತಿರ. ನಡುವೆ ಸೂರ್ಯನ ಬಿಂಬ ಕಂಡ ಕೂಡಲೇ ಆಪಿಸ್ ಅಂದುಬಿಡುತ್ತಾರೆ. ಹಾಥೋರ್ ದೇವಿಯ ಹಸುವಿಗೂ ಬಿಂಬ ಇರುತ್ತದೆ, ಆದ್ದರಿಂದ ಹಸುವೋ ಹೋರಿಯೋ ಅಂತ ನೋಡಿಕೊಳ್ಳಿ. ಹೋರಿಯೇ ಆದರೂ ಆಪಿಸ್ ಒಂದೇ ಅಲ್ಲ. ಹೀಲಿಯೊಪೊಲಿಸ್ ಊರಿನಲ್ಲಿ ರಾ ದೇವರ ಹೋರಿ ಮ್ನೇವಿಸ್, ಅದು ಪೂರ್ತಿ ಕಪ್ಪು. ಅರ್ಮಂತ್ ಊರಿನಲ್ಲಿ ಮೊಂತು ದೇವರ ಹೋರಿ ಬೂಕಿಸ್, ಬಿಳಿ ಮೈ, ಕಪ್ಪು ಮುಖ. ಕೆತ್ತಿದ ಕಲ್ಲಿನಲ್ಲಿ ಬಣ್ಣ ಉಳಿದಿರುವುದಿಲ್ಲ ಅಲ್ವಾ, ಆಗ ಬಿಂಬದ ಮೇಲೆ ಎರಡು ಉದ್ದ ಗರಿ ಇದೆಯಾ ನೋಡಿ, ಇದ್ದರೆ ಬೂಕಿಸ್ ಇರಬಹುದು. ಕ್ರಿ.ಶ. 340ರಲ್ಲೂ ಒಂದು ಬೂಕಿಸ್ ಹೋರಿಯನ್ನು ಮಣ್ಣು ಮಾಡಿ ಅದರ ಹೆಸರಲ್ಲಿ ಕಲ್ಲು ಬರೆಸಿದ್ದಾರೆ.